ಗೀಸರ್ ಕಾದ ಮೇಲೆ ನಲ್ಲಿ ತೆರೆದರೆ ನೀರು ಸಿಡಿಯುತ್ತೆ, ವಾಲ್ವ್ ತೊಟ್ಟಿಕ್ಕುತ್ತೆ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)
ಮಹಡಿ ಬಾತ್‌ರೂಮಿನಲ್ಲಿ 25 ಲೀಟರ್, 2 ಕಿಲೋವ್ಯಾಟ್ ಗೀಸರ್ ಇದೆ. ಓವರ್‌ಹೆಡ್ ಟ್ಯಾಂಕಿಗೆ ಪ್ರೆಷರ್ ಪಂಪ್ ಕೂರಿಸಿದಾಗಿನಿಂದ, ಗೀಸರ್ ಹಾಕಿ ಅರ್ಧ ಗಂಟೆ ಬಿಟ್ಟು ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೊದಲ ಒಂದೆರಡು ಸೆಕೆಂಡ್ ನೀರು ಸಿಡಿಯುತ್ತೆ, ಆಮೇಲೆ ಸರಿಹೋಗುತ್ತೆ. ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತೆ. ಪ್ಲಂಬರ್ ಅದರ ಬಾಯಿ ಮುಚ್ಚೋಕೆ ಎಂಡ್ ಪ್ಲಗ್ ಹಾಕೋಣ ಅಂತಾರೆ. ಹಾಕಿಸಬಹುದಾ?

ಉತ್ತರ 1
ಪ್ಲಗ್ ಮಾತ್ರ ಹಾಕಿಸಬೇಡ್ರಿ ಸರ್. ಥರ್ಮೋಸ್ಟಾಟ್ ಕೈಕೊಟ್ಟ ದಿನ ಗೀಸರಿನ ಟ್ಯಾಂಕ್ ಒಡೆಯದಂತೆ ತಡೆಯೋದು ಆ ವಾಲ್ವೇ.

25 ಡಿಗ್ರಿ ನೀರು 65ಕ್ಕೆ ಕಾದರೆ ಸುಮಾರು ಶೇ 1.7ರಷ್ಟು ಹಿಗ್ಗುತ್ತೆ. ನಿಮ್ಮ ಗೀಸರಿನಲ್ಲಿ ಅದು 400 ಮಿಲಿ ಮೀರುತ್ತೆ, ಎರಡು ಲೋಟ ನೀರು. ಮೊದಲು ಅದು ತಣ್ಣೀರಿನ ಪೈಪಿನಲ್ಲೇ ಹಿಂದಕ್ಕೆ ಸರಿದು ಓವರ್‌ಹೆಡ್ ಟ್ಯಾಂಕ್ ಸೇರ್ತಿತ್ತು, ಇಲ್ಲವೇ ಏರ್ ಪೈಪಿನಲ್ಲಿ (ಬಿಸಿನೀರಿನ ಲೈನಿನಿಂದ ಮೇಲಕ್ಕೆ ತೆರೆದ ಪೈಪ್) ಮೇಲೇರ್ತಿತ್ತು. ಈಗ ಪಂಪಿನ ಎನ್‌ಆರ್‌ವಿ (ನೀರನ್ನು ಒಂದೇ ಕಡೆಗೆ ಬಿಡುವ ನಾನ್ ರಿಟರ್ನ್ ವಾಲ್ವ್) ಹಿಂದಿನ ದಾರಿ ಕಟ್ಟಿದೆ. ಏರ್ ಪೈಪಿಗೂ ಕ್ಯಾಪ್ ಬಿದ್ದಿರುತ್ತೆ, ಇಲ್ಲದಿದ್ದರೆ ಪಂಪಿನ ನೀರು ಅಲ್ಲಿಂದಲೇ ಚೆಲ್ಲುತ್ತೆ. ನೀರನ್ನು ಅದುಮಿದರೆ ಕುಗ್ಗೋದಿಲ್ಲ, ಹಾಗಾಗಿ ಒತ್ತಡ ಏರುತ್ತೆ. ನಲ್ಲಿ ಸಿಡಿಯೋದು, ವಾಲ್ವ್ ತೊಟ್ಟಿಕ್ಕೋದು ಅದಕ್ಕೇ.

ಮೊದಲು ಖಾತ್ರಿ ಮಾಡ್ಕೊಳ್ಳಿ. 0–10 ಕೆಜಿ ಪ್ರೆಷರ್ ಗೇಜ್ (1 ಕೆಜಿ ಅಂದರೆ ಹತ್ತಿರಹತ್ತಿರ 1 ಬಾರ್) ತಂದು ಬಿಸಿನೀರಿನ ಒಂದು ನಲ್ಲಿ ಬಿಚ್ಚಿ ಅಲ್ಲಿ ಕೂರಿಸಿ. ಎಲ್ಲ ನಲ್ಲಿ ಮುಚ್ಚಿ ಗೀಸರ್ ಆನ್ ಮಾಡಿ. ತಣ್ಣಗಿದ್ದಾಗ 2, ಕಾಯ್ತಾ ಕಾಯ್ತಾ 6–7 ಆದರೆ ಇದೇ ಕಾರಣ. ತಣ್ಣಗಿದ್ದಾಗಲೇ 5 ತೋರಿಸಿದರೆ ಗೀಸರಿನದಲ್ಲ, ಪಂಪಿನ ತಪ್ಪು.

ಪ್ರಶ್ನೆ ಕೇಳಿದವರು
ತಣ್ಣಗಿದ್ದಾಗ 2, ಕಾದಾಗ 7.5. ಮುಂದೇನು?

ಉತ್ತರ 2
ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಹಾಕಿಸಿ. ಒಳಗೆ ರಬ್ಬರ್ ಪೊರೆ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. 2 ಬಾರ್ ಲೈನಿಗೆ, ಕಾದಾಗ 5 ದಾಟಬಾರದು ಅಂದರೆ ಲೆಕ್ಕಕ್ಕೆ 1 ಲೀಟರಿಗಿಂತ ಕಡಿಮೆಯೇ ಸಾಕು. 2 ಲೀಟರಿನದು ಧಾರಾಳ. ಕುಡಿಯುವ ನೀರಿಗೆ ಆಗುವಂಥದ್ದನ್ನೇ ಕೇಳಿ.

ಗಾಳಿ ತುಂಬೋದು ಲೈನಿಗೆ ಜೋಡಿಸೋ ಮುಂಚೆ, ಅಥವಾ ಲೈನಿನ ನೀರು ಪೂರ್ತಿ ಖಾಲಿ ಮಾಡಿ. ಬೈಕ್ ಟ್ಯೂಬಿನಂಥದೇ ವಾಲ್ವ್, ಸೈಕಲ್ ಪಂಪ್ ಸಾಕು. ಪಂಪ್ ನಿಲ್ಲುವ ಒತ್ತಡದಷ್ಟೇ ತುಂಬಿ: 2 ಬಾರ್ ಅಂದರೆ 29 ಪಿಎಸ್‌ಐ.

ಈ ಟ್ಯಾಂಕ್ ಕೂರಿಸೋ ಜಾಗದಲ್ಲೇ ಎಲ್ಲರೂ ಎಡವೋದು. ಗೀಸರ್ ಜೊತೆ ಬರುವ ಎಷ್ಟೋ ಸೇಫ್ಟಿ ವಾಲ್ವುಗಳ ಒಳಗೇ ಎನ್‌ಆರ್‌ವಿ ಇರುತ್ತೆ. ಅದರ ಹಿಂದೆ, ಪಂಪಿನ ಕಡೆ ಟ್ಯಾಂಕ್ ಇಟ್ಟರೆ ಹಿಗ್ಗಿದ ನೀರು ಅಲ್ಲಿಗೆ ಮುಟ್ಟೋದೇ ಇಲ್ಲ, ದುಡ್ಡು ದಂಡ. ವಾಲ್ವ್ ಮತ್ತು ಗೀಸರ್ ನಡುವೆ ಅರ್ಧ ಇಂಚಿನ ಹಿತ್ತಾಳೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಅಲ್ಲಿಂದ ಟ್ಯಾಂಕಿಗೆ ಪೈಪ್ ತೆಗೀರಿ. ಆ ನಡುವೆ ಬಾಲ್ ವಾಲ್ವ್ ಯಾವ ಕಾರಣಕ್ಕೂ ಬೇಡ. ಟ್ಯಾಂಕಿನ ಭಾರ ಪೈಪಿನ ಮೇಲೆ ಬೀಳದಂತೆ ಗೋಡೆಗೆ ಕ್ಲಾಂಪ್ ಕೊಡಿ.

ಉತ್ತರ 3
ಬೋರ್ ನೀರಾದರೆ ಇನ್ನೊಂದು ಮಾತು. ಗಡಸು ನೀರಿನ ಬಿಳಿ ಸುಣ್ಣ ವಾಲ್ವಿನ ಸೀಟಿನಲ್ಲಿ (ವಾಲ್ವ್ ಮುಚ್ಚಿ ಕೂರುವ ಜಾಗ) ಕೂತರೆ ಗೀಸರ್ ಆರಿದ್ದಾಗಲೂ ಸೋರುತ್ತೆ. ಪೂರ್ತಿ ಹೆಪ್ಪುಗಟ್ಟಿದರೆ ತೆರೆಯೋದೇ ಇಲ್ಲ, ಅದು ಇನ್ನೂ ಅಪಾಯ. ತಿಂಗಳಿಗೊಮ್ಮೆ ಗೀಸರ್ ತಣ್ಣಗಿದ್ದಾಗ ಲಿವರ್ ಎತ್ತಿ ನೀರು ಹಾಯಿಸಿ. ಲಿವರ್ ಬಿಗಿಯಾಗಿದ್ದರೆ ಬಲ ಹಾಕದೆ ಹೊಸ ವಾಲ್ವ್ ಹಾಕಿಸಿ, ಅದರ ಒತ್ತಡ ಗೀಸರಿನ ಪ್ಲೇಟಿನಲ್ಲಿ ಬರೆದದ್ದನ್ನು ಮೀರಬಾರದು. ತೊಟ್ಟಿಕ್ಕುವ ಬಾಯಿಗೆ ಪೈಪ್ ಸಿಕ್ಕಿಸಿ ಕೆಳಮುಖವಾಗಿ ನೆಲದ ಜಾಲಿವರೆಗೆ ಬಿಡಿ, ತುದಿ ತೆರೆದೇ ಇರಲಿ.