ಅಂಗಿಯೊಳಗಿನ ಪಿಸ್ತೂಲು ಎದ್ದು ಕಾಣದಿರಲು ಏನು ಹಾಕಿಕೊಳ್ಳುತ್ತೀರಿ?

ಹೊಸಬ_38:
ಲೈಸೆನ್ಸ್ ಕೈಗೆ ಬಂದು ಮೂರು ವಾರ ಆಯಿತು. ಮರೆಯಾಗಿ ಇಟ್ಟುಕೊಂಡು ಓಡಾಡಲು ಅನುಮತಿ ಇದೆ, ತರಬೇತಿಯೂ ಮುಗಿದಿದೆ. ಇರುವುದು ಗ್ಲಾಕ್ 19 ಪಿಸ್ತೂಲು, ಬಲ ಸೊಂಟದಲ್ಲಿ, ಪ್ಯಾಂಟಿನ ಒಳಗೆ ಕೂರುವ ಒರೆ, ಅಂದರೆ ಹೋಲ್‌ಸ್ಟರ್. ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಏನೂ ಕಾಣುವುದಿಲ್ಲ. ನಿನ್ನೆ ಅಂಗಡಿಯಲ್ಲಿ ಕೆಳಗಿನ ಸಾಲಿನಿಂದ ಏನೋ ತೆಗೆಯಲು ಬಗ್ಗಿದೆ, ಹಿಂದಿದ್ದ ಹುಡುಗ ನನ್ನ ಬೆನ್ನನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಾಯಿತೋ ಇಲ್ಲವೋ, ನನಗಂತೂ ಬೆವರಿಳಿಯಿತು. ಹಾಗಂತ ವರ್ಷವಿಡೀ ಜಾಕೆಟ್ ಹಾಕಿಕೊಂಡು ತಿರುಗೋಕಾಗುತ್ತಾ? ಜೇಬು ಜಾಸ್ತಿ ಇರುವ ಟ್ಯಾಕ್ಟಿಕಲ್ ಪ್ಯಾಂಟು, ವೇಸ್ಟ್‌ಕೋಟು ತಗೊಳ್ಳೋಣ ಅಂತಿದ್ದೇನೆ. ನೀವೆಲ್ಲ ಏನು ಹಾಕುತ್ತೀರಿ?

ಹಳೇಬೆಲ್ಟ್:
ಆ ವೇಸ್ಟ್‌ಕೋಟು ಮಾತ್ರ ಬೇಡ ಗುರು. ‘ಮೊದಲು ನನಗೇ ಗುಂಡು ಹೊಡಿ’ ಕೋಟು ಅಂತ ಅದಕ್ಕೆ ಅಡ್ಡಹೆಸರೇ ಇದೆ. ಜೊತೆಗೆ ಪಿಸ್ತೂಲು ಕಂಪನಿಯ ಟೋಪಿ, ಮಿಲಿಟರಿ ಬೂಟು ಸೇರಿದರೆ ಕೊರಳಿಗೆ ಬೋರ್ಡು ತಗುಲಿಸಿಕೊಂಡ ಹಾಗೆ.

ನಳಿಕೆ ಪ್ಯಾಂಟಿನೊಳಗೆ ಹೋಗಿಬಿಡುತ್ತದೆ, ಅದರ ಚಿಂತೆ ಬಿಡಿ. ಕಾಟ ಕೊಡುವುದು ಹಿಡಿ. ಅದು ಬೆಲ್ಟಿನ ಮೇಲೆ ಹಿಂದಕ್ಕೆ ಚಾಚಿಕೊಂಡಿರುತ್ತದೆ, ನೀವು ಬಗ್ಗಿದ ಕೂಡಲೇ ಬಟ್ಟೆಯನ್ನು ಗೂಟದ ಹಾಗೆ ಎತ್ತುತ್ತದೆ. ಹೋಲ್‌ಸ್ಟರನ್ನು ಹತ್ತು ಹದಿನೈದು ಡಿಗ್ರಿ ಮುಂದಕ್ಕೆ ವಾಲಿಸಿ, ಹಿಡಿ ಪಕ್ಕೆಗುಂಟ ಮೇಲಕ್ಕೆ ತಿರುಗುತ್ತದೆ. ಸೊಂಟ ಬಗ್ಗಿಸುವ ಬದಲು ಕುಕ್ಕರಗಾಲಲ್ಲಿ ಕೂತು ತಗೊಳ್ಳಿ. ಇನ್ನು ತುಂಬಿದ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡುಗಳ ಡಬ್ಬಿ) ಸಮೇತ ಗ್ಲಾಕ್ 19ರ ತೂಕ ಸುಮಾರು 850 ಗ್ರಾಂ. ಮೆತ್ತನೆಯ ಬೆಲ್ಟು ಅಷ್ಟು ಭಾರಕ್ಕೆ ಹೊರಕ್ಕೆ ಜೋಲುತ್ತದೆ, ಆಮೇಲೆ ಯಾವ ಅಂಗಿ ಹಾಕಿದರೂ ಅಷ್ಟೇ. ಒಂದೂವರೆ ಇಂಚಿನ ಗಟ್ಟಿ ಬೆಲ್ಟು ತಗೊಳ್ಳಿ, ಕೋಟಿನ ದುಡ್ಡು ಅದಕ್ಕೆ ಹಾಕಿ.

ಚೌಕಳಿ:
ಬೆಲ್ಟಿನ ಮಾತು ನೂರಕ್ಕೆ ನೂರು ನಿಜ. ಬಟ್ಟೆಗೆ ಬಂದರೆ, ತಿಳಿ ಬೂದು ಬಣ್ಣದ ತೆಳು ಟೀ ಶರ್ಟಿನಲ್ಲಿ ಪ್ರತಿಯೊಂದು ಗೆರೆಯೂ ಕಾಣುತ್ತದೆ. ಚೌಕಳಿ ಅಂಗಿ ಹಾಕಿ ನೋಡಿ, ಉಬ್ಬು ಡಿಸೈನಿನಲ್ಲೇ ಕಳೆದುಹೋಗುತ್ತದೆ. ಅಂಚು ಬೆಲ್ಟಿಗಿಂತ ಒಂದು ಅಂಗೈಯಷ್ಟಾದರೂ ಕೆಳಗಿರಲಿ, ಯಾಕೆಂದರೆ ಮೇಲಿನ ಶೆಲ್ಫಿಗೆ ಕೈ ಚಾಚಿದಾಗ ಅದೂ ಮೇಲೆ ಹೋಗುತ್ತದಲ್ವಾ. ಒಂದು ಸೈಜ್ ದೊಡ್ಡದು ಸಾಕು. ಎರಡಾದರೆ ಅಣ್ಣನ ಅಂಗಿ ಹಾಕಿಕೊಂಡ ತಮ್ಮನ ಥರ ಕಾಣುತ್ತೀರಿ, ಅದೂ ಜನರ ಕಣ್ಣಿಗೆ ಬೀಳುತ್ತದೆ. ಪ್ಯಾಂಟಿನ ಸೊಂಟವೂ ಒಂದಿಂಚು ಹೆಚ್ಚಿರಲಿ. ಮಿಕ್ಕಂತೆ ಸುತ್ತಲಿನವರು ಏನು ಹಾಕಿದ್ದಾರೋ ಅದೇ.

ಮೌನಿ:
ಎಲ್ಲರೂ ಬೆಲ್ಟು ಬೆಲ್ಟು ಅನ್ನುತ್ತಿದ್ದೀರಿ, ನಮ್ಮ ಹೆಂಗಸರ ಅರ್ಧ ಬಟ್ಟೆಗೆ ಬೆಲ್ಟ್ ಪಟ್ಟಿಯೇ ಇರುವುದಿಲ್ಲ ಮಾರಾಯ್ರೇ. ನಾನು ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಹಾಕುತ್ತೇನೆ, ಮೇಲೆ ಸಡಿಲವಾದ ಟಾಪ್. ಆದರೆ ಟ್ರಿಗರ್ ಇರುವ ಜಾಗದಲ್ಲಿ ಬರೀ ಬಟ್ಟೆ ಇರುವ ಪಟ್ಟಿ ತಗೊಳ್ಳಲೇಬೇಡಿ, ಅಲ್ಲಿ ಗಟ್ಟಿ ಪ್ಲಾಸ್ಟಿಕ್ ಕವಚ ಇರಲೇಬೇಕು. ವ್ಯಾನಿಟಿ ಬ್ಯಾಗಿನಲ್ಲಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಬ್ಯಾಗನ್ನು ಕುರ್ಚಿಗೆ ನೇತುಹಾಕಿ ಎದ್ದು ಹೋಗುತ್ತೇವೆ, ಮಕ್ಕಳು ಚಾಕಲೇಟಿಗೆ ಅಂತ ಕೈ ಹಾಕುತ್ತಾರೆ. ಬೇಡಪ್ಪ.

ಇನ್ನೊಂದು. ಶುರುವಿನಲ್ಲಿ ನಾನು ಕಾರಿನಿಂದ ಇಳಿದಾಗಲೆಲ್ಲ ಮೊಣಕೈಯಿಂದ ಒಮ್ಮೆ ಒತ್ತಿ ನೋಡುತ್ತಿದ್ದೆ. ಒಂದು ದಿನ ಅಕ್ಕ ಕೇಳಿದಳು, ‘ಯಾಕೇ, ಪಕ್ಕೆ ನೋವಾ?’ ಅಂಗಿ ಚೆನ್ನಾಗೇ ಮುಚ್ಚಿತ್ತು, ಕೈ ಹೇಳಿಬಿಟ್ಟಿತ್ತು. ಗುಂಡು ತೆಗೆದು, ಎರಡು ಸಲ ಚೆಕ್ ಮಾಡಿ, ಮನೆಯಲ್ಲೇ ದಿನವಿಡೀ ಹಾಕಿಕೊಂಡು ಕಸ ಗುಡಿಸಿ, ಶೂ ಲೇಸ್ ಕಟ್ಟಿ. ಇದೆ ಅನ್ನುವುದೇ ಮರೆತುಹೋಗುವಷ್ಟು ರೂಢಿಯಾಗಬೇಕು.

ಹೊಸಬ_38:
ವಾಲಿಸಿ ನೋಡಿದೆ, ಫೋನನ್ನು ಹಿಂದೆ ನಿಲ್ಲಿಸಿ ವಿಡಿಯೋ ಮಾಡಿದೆ. ಬಗ್ಗಿದರೆ ಈಗಲೂ ಸ್ವಲ್ಪ ಉಬ್ಬು ಇದೆ, ಕುಕ್ಕರಗಾಲಲ್ಲಿ ಕೂತರೆ ಏನೂ ಇಲ್ಲ. ಕೋಟು ಕ್ಯಾನ್ಸಲ್. ಒಂದು ಡೌಟು: ಕಾರಿನಿಂದ ಇಳಿದಾಗ ಅಂಗಿ ಹಿಡಿಯ ಹಿಂದೆ ಸಿಕ್ಕಿಕೊಂಡಿರುತ್ತದಲ್ಲ, ಅದಕ್ಕೇನು ಮಾಡುತ್ತೀರಿ?

ಹಳೇಬೆಲ್ಟ್:
ಸೀಟ್ ಬೆಲ್ಟ್ ಬಿಚ್ಚಿ, ಬಾಗಿಲು ತೆಗೆಯುವ ಮುಂಚೆ ಒಳಗೇ ಕೂತು ಅಂಗಿ ಎಳೆದುಕೊಳ್ಳಿ. ಅರಿಯದೆ ಕಂಡರೂ ಲೈಸೆನ್ಸಿಗೆ ಕುತ್ತು ಬರುವ ಕಡೆಗಳಿವೆ, ನಿಮ್ಮ ಷರತ್ತುಗಳನ್ನು ಇನ್ನೊಮ್ಮೆ ಓದಿಕೊಂಡುಬಿಡಿ.