ಶೀಟ್ ಹಾಕಿದ ಟ್ಯಾಂಕಿಯಲ್ಲಿ ನಿಜಕ್ಕೂ ಎಷ್ಟು ಲೀಟರ್ ನೀರು ಹಿಡಿಯುತ್ತದೆ?

ಪೆರ್ಲದ ತೋಟದವ:
ನಮ್ಮ ಗುಡ್ಡದಲ್ಲಿ ಗುಂಡಿ ತೋಡಿ, ಪ್ಲಾಸ್ಟಿಕ್ ಶೀಟು ಹಾಸಿದ ಟ್ಯಾಂಕಿ ಮಾಡಿಸಿದ್ದೇವೆ. ಮೇಲ್ಗಡೆ 20 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್. ಬದಿಗಳು ಇಳಿಜಾರು, ಹಾಗಾಗಿ ತಳದಲ್ಲಿ 14 × 6 ಮಾತ್ರ ಉಂಟು. ಮಾಡಿಕೊಟ್ಟವರು 7.2 ಲಕ್ಷ ಲೀಟರ್ ಎಂದು ಬರೆದುಕೊಟ್ಟಿದ್ದಾರೆ. ಬಿಲ್ಲೂ ಲೀಟರ್ ಲೆಕ್ಕದಲ್ಲೇ. ನನಗೇಕೋ ಜಾಸ್ತಿ ಅನ್ನಿಸುತ್ತದೆ. ನೀರು ಸುರಂಗದಿಂದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದಿಂದ, ಪೈಪಿನಲ್ಲಿ ಬರುತ್ತದೆ. 1000 ಅಡಿಕೆ ಮರಕ್ಕೆ ಡ್ರಿಪ್ ಹಾಕಿದ್ದೇವೆ. ಬೇಸಿಗೆ ದಾಟುತ್ತದಾ? ಪೇಪರಿನಲ್ಲಿ ಬರುವ ಟಿಎಂಸಿ, ಕ್ಯೂಸೆಕ್ ಲೆಕ್ಕದಲ್ಲಿ ಇದು ಎಷ್ಟಾಗುತ್ತದೆ?

ಹಳೇ ಓವರ್ಸಿಯರ್, ಬದಿಯಡ್ಕ:
ಮಾರಾಯ್ರೇ, ಅವರು ಮೇಲಿನ ಉದ್ದಗಲಕ್ಕೆ ಆಳ ಗುಣಿಸಿ ಬಿಟ್ಟಿದ್ದಾರೆ. ಗೋಡೆ ನೆಟ್ಟಗಿದ್ದರೆ ಮಾತ್ರ ಅದು ಸರಿ. ಇಳಿಜಾರಿನ ಟ್ಯಾಂಕಿಗೆ ಮೂರು ಕಡೆಯ ವಿಸ್ತೀರ್ಣ ಬೇಕು. ಮೇಲೆ 240 ಚದರ ಮೀಟರ್, ತಳ 84, ನಡು ಆಳದಲ್ಲಿ 17 × 9, ಅಂದರೆ 153. ನಡುವಿನದ್ದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡು ಸೇರಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿ. 468 ಘನ ಮೀಟರ್ ಬರುತ್ತದೆ. ಒಂದು ಘನ ಮೀಟರ್ ಅಂದರೆ 1000 ಲೀಟರ್, ಆಗ 4.68 ಲಕ್ಷ.

ಅದೂ ಅಂಚಿನವರೆಗೆ ತುಂಬಿದರೆ. ಮೇಲೆ ಒಂದಡಿ ಖಾಲಿ ಬಿಡಲೇಬೇಕು, ಇಲ್ಲದಿದ್ದರೆ ಜೋರು ಮಳೆಗೆ ದಂಡೆ ಕೊಚ್ಚಿ ಹೋಗುತ್ತದೆ. ಆಗ ಕೈಗೆ ಸಿಗುವುದು ಸುಮಾರು 4 ಲಕ್ಷ. ಬಿಲ್ಲಿನವರ ಹತ್ತಿರ ಈ ಅಳತೆ ಇಟ್ಟುಕೊಂಡೇ ಮಾತಾಡಿ. ಆಳವನ್ನು ಟೇಪು ನೇರ ಇಳಿಸಿ ಅಳೆದಿದ್ದೀರಿ ತಾನೇ? ಕೆಲವರು ಶೀಟಿನ ಮೇಲೆ ಓರೆಯಾಗಿ ಹಾಸಿ ಅಳೆಯುತ್ತಾರೆ. ನಿಮ್ಮ ಇಳಿಜಾರಿಗೆ ಹಾಗೆ ಅಳೆದರೆ 3 ಮೀಟರ್ ಹೋಗಿ 4.2 ಆಗುತ್ತದೆ!

ಒಂದು ಪಿವಿಸಿ ಪೈಪಿಗೆ ಹತ್ತತ್ತು ಸೆಂಟಿಮೀಟರಿಗೆ ಗೆರೆ ಎಳೆದು ಒಳಗೆ ನಿಲ್ಲಿಸಿ. ತುದಿಗೆ ಹಳೇ ಟಯರಿನ ತುಂಡು ಕಟ್ಟಿ, ಶೀಟು ಹರಿಯದ ಹಾಗೆ. ಒಂದೂವರೆ ಮೀಟರ್ ನೀರು ಕಂಡರೆ ಅರ್ಧ ಟ್ಯಾಂಕಿ ನೀರು ಉಂಟು ಅಂದುಕೊಳ್ಳಬೇಡಿ, ಇರುವುದು 1.75 ಲಕ್ಷ. ಕೆಆರ್‌ಎಸ್‌ನಲ್ಲೂ ಇದೇ ಕಥೆ. 124.80 ಅಡಿಗೆ 49.45 ಟಿಎಂಸಿ ಅನ್ನುತ್ತಾರೆ, ಆದರೆ ಅಡಿ ಅರ್ಧಕ್ಕಿಳಿದಾಗ ನೀರು ಅರ್ಧ ಉಳಿದಿರುವುದಿಲ್ಲ.

ಟ್ಯಾಂಕರ್ ನೋಡಿದವ:
ಟಿಎಂಸಿ ನಿಂತ ನೀರಿಗೆ, ಕ್ಯೂಸೆಕ್ ಹರಿಯುವ ನೀರಿಗೆ. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ನಿಮ್ಮಂಥ ಟ್ಯಾಂಕಿ ಎಪ್ಪತ್ತು ಸಾವಿರ ಬೇಕು, ಕಾಸರಗೋಡಿನ ಗುಡ್ಡ ಸಾಲದು 😄 ಒಂದು ಕ್ಯೂಸೆಕ್ ಸೆಕೆಂಡಿಗೆ 28.3 ಲೀಟರ್. ಅಷ್ಟು ನೀರು ಬಂದರೆ ನಾಲ್ಕು ಗಂಟೆಯೊಳಗೆ ತುಂಬುತ್ತದೆ. ಸುರಂಗದಲ್ಲಿ ಅಷ್ಟೆಲ್ಲಿ ಬರಬೇಕು? ಬಕೆಟ್ ಹಿಡಿದು ನೋಡಿ.

ಪೆರ್ಲದ ತೋಟದವ:
ಟೇಪು ನೇರವೇ ಇಳಿಸಿದ್ದು. ಈಗ ಪೈಪಿನ ಬಾಯಿಗೆ ಬಕೆಟ್ ಹಿಡಿದೆ. 20 ಲೀಟರ್ ತುಂಬಲು 50 ಸೆಕೆಂಡ್.

ಹಳೇ ಓವರ್ಸಿಯರ್, ಬದಿಯಡ್ಕ:
ಅಂದರೆ ದಿನಕ್ಕೆ 34,560 ಲೀಟರ್. ಡ್ರಿಪ್ಪಿನಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಇಪ್ಪತ್ತೇ ಹಿಡಿದರೂ ನಿಮಗೆ ಬೇಕಾದ್ದು 20,000. ಈಗ ಟ್ಯಾಂಕಿಯ ನೀರು ಮುಟ್ಟುವ ಅಗತ್ಯವೇ ಇಲ್ಲ, ತುಂಬಿಸಿ ಇಡಿ.

ಆದರೆ ಇದು ಈಗಿನ ಲೆಕ್ಕ. ಎಪ್ರಿಲ್‌ನಲ್ಲಿ ಅದೇ ಬಕೆಟ್ ಮತ್ತೆ ಹಿಡಿಯಿರಿ. ಸುರಂಗದ ನೀರು ದಿನಕ್ಕೆ 10,000 ಲೀಟರಿಗೆ ಇಳಿಯಿತು ಅಂತಿಟ್ಟುಕೊಳ್ಳಿ. ಉಳಿದ 10,000 ಟ್ಯಾಂಕಿಯಿಂದ ಬರಬೇಕು. ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆರಿದರೆ ಅದೂ 1,100 ಲೀಟರ್, ಸುಮ್ನೆ ಗಾಳಿಗೆ ಹೋಗುವಂಥದ್ದು. 4 ಲಕ್ಷವನ್ನು 11,100ರಿಂದ ಭಾಗಿಸಿದರೆ 36 ದಿನ. ಎಪ್ರಿಲ್ ಹತ್ತರಿಂದ ಶುರು ಮಾಡಿದರೆ ಮೇ ಮಧ್ಯದವರೆಗೆ. ಆಮೇಲೆ ಮಳೆ ತಡವಾದರೆ ಸುರಂಗದ ನೀರು ಮಾತ್ರ, ಡ್ರಿಪ್ಪನ್ನು ಮರಕ್ಕೆ 10 ಲೀಟರಿಗೆ ಇಳಿಸಬೇಕಾಗುತ್ತದೆ. ಅದನ್ನು ಎಪ್ರಿಲ್‌ನಲ್ಲೇ 16 ಲೀಟರಿಗೆ ಇಳಿಸುವುದು ಒಳ್ಳೆಯದು, ಟ್ಯಾಂಕಿಯಿಂದ ತೆಗೆಯುವುದು ದಿನಕ್ಕೆ ಆರು ಸಾವಿರ ಸಾಕಾಗುತ್ತದೆ.