ಹೊಸ ಮದರ್‌ಬೋರ್ಡ್‌ನಲ್ಲಿ 64 ಜಿಬಿ ರ‍್ಯಾಮ್ ಸ್ಥಿರವಾಗಿ ನಿಲ್ಲುತ್ತಿಲ್ಲ: ನೀಲಿ ಪರದೆ, ಕೆಟ್ಟ ಫೈಲ್‌ಗಳು (ಪರಿಹಾರವಾಗಿದೆ)

ಪ್ರಶ್ನೆ (ಮಂಡ್ಯ)

ನಮಸ್ಕಾರ. ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಬೀಗರೂಟಗಳ ಫೋಟೊ ಮತ್ತು ವಿಡಿಯೊ ಮಾಡಿಕೊಡುವುದು ಕೆಲಸ. ಹಳೆಯ ಕಂಪ್ಯೂಟರ್ 4ಕೆ ವಿಡಿಯೊ ಎಡಿಟಿಂಗ್‌ಗೆ ಸಾಲದೆ ಬಂದದ್ದರಿಂದ ಎರಡು ತಿಂಗಳ ಹಿಂದೆ ಹೊಸದನ್ನು ಜೋಡಿಸಿಕೊಂಡೆ. ರೈಜನ್ 7 7700 ಪ್ರೊಸೆಸರ್, ಬಿ650 ಚಿಪ್‌ಸೆಟ್‌ನ ಮದರ್‌ಬೋರ್ಡ್, ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್, ಜೊತೆಗೆ 16 ಜಿಬಿಯ ಎರಡು ಡಿಡಿಆರ್5-6000 ಸ್ಟಿಕ್‌ಗಳು. ಇಪ್ಪತ್ತು ದಿನ ಕಳೆದ ಮೇಲೆ ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಜೋಡಿಯನ್ನು ತಂದು ಖಾಲಿಯಿದ್ದ ಎರಡು ಸ್ಲಾಟ್‌ಗಳಿಗೂ ಹಾಕಿದೆ.

ಅಂದಿನಿಂದ ನೆಮ್ಮದಿಯಿಲ್ಲ. ಹತ್ತು ಸಲ ಆನ್ ಮಾಡಿದರೆ ಎರಡು ಮೂರು ಸಲ ಪರದೆಯೇ ಬರುವುದಿಲ್ಲ, ಬಂದರೂ ದಿನಕ್ಕೆರಡು ಸಲ ನೀಲಿ ಪರದೆ ಕಾಣಿಸಿಕೊಳ್ಳುತ್ತದೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಇನ್ನೊಮ್ಮೆ ‘ಪೇಜ್ ಫಾಲ್ಟ್’ ಎಂದಿರುತ್ತದೆ. ಕಳೆದ ವಾರ ಒಂದು ಮದುವೆಯ ಫೋಟೊಗಳನ್ನು ಜಿಪ್ ಮಾಡಿ ಆಲ್ಬಂ ಮುದ್ರಿಸುವವರಿಗೆ ಕಳುಹಿಸಿದರೆ, ಫೈಲ್ ತೆರೆಯುವಾಗ ಸಿಆರ್‌ಸಿ ದೋಷ (ಒಳಗಿನ ಮಾಹಿತಿ ಕೆಟ್ಟಿದೆ ಎಂಬ ಸೂಚನೆ) ಬರುತ್ತಿದೆ ಎಂದು ಅವರು ಫೋನ್ ಮಾಡಿದರು. ಗಾಬರಿಯಾಗಿ ನಮ್ಮ ಫೋಲ್ಡರ್ ತೆರೆದು ನೋಡಿದೆ. ಧಾರೆ ಎರೆಯುವ ಹೊತ್ತಿನ ಒಂದು ಚಿತ್ರದಲ್ಲಿ ಮೇಲಿನ ಭಾಗ ಸರಿಯಿದೆ, ಆದರೆ ಹುಡುಗಿಯ ಕೈಯಿಂದ ಕೆಳಕ್ಕೆ ಇಡೀ ಪಟ್ಟಿ ಬಲಕ್ಕೆ ಸರಿದು ನೇರಳೆ ಬಣ್ಣಕ್ಕೆ ತಿರುಗಿದೆ.

ಅಂಗಡಿಯವರು ವಿಂಡೋಸ್ ಮತ್ತೆ ಹಾಕಿ ಎಂದರು. ಎರಡು ಸಲ ಹಾಕಿದ್ದಾಯಿತು. ವಿಂಡೋಸ್‌ನಲ್ಲೇ ಇರುವ ಮೆಮೊರಿ ಪರೀಕ್ಷೆ ಯಾವ ದೋಷವನ್ನೂ ತೋರಿಸಲಿಲ್ಲ. ಕೆಟ್ಟಿರುವುದು ರ‍್ಯಾಮೋ, ಬೋರ್ಡೋ, ಪ್ರೊಸೆಸರೋ? ನಮ್ಮ ಕಡೆಯ ಕರೆಂಟ್ ಏರಿಳಿತವೂ ಕಾರಣವಿರಬಹುದೇ?

ಉತ್ತರ (ಮೈಸೂರು)

ಸರ್, ಮೊದಲು ಒಂದು ವಿನಂತಿ. ಇದು ಬಗೆಹರಿಯುವವರೆಗೆ ಆ ಯಂತ್ರದಲ್ಲಿ ಗಿರಾಕಿಗಳ ಫೈಲ್ ಯಾವುದನ್ನೂ ನಕಲು ಮಾಡಬೇಡಿ, ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡಲೇಬೇಡಿ. ನೀಲಿ ಪರದೆ ಬಂದರೆ ಕಣ್ಣಿಗೆ ಕಾಣುತ್ತದೆ, ಆದರೆ ರ‍್ಯಾಮ್‌ನಲ್ಲಿ ಒಂದು ಬಿಟ್ ತಪ್ಪಿ ಅದು ಹಾಗೆಯೇ ಡಿಸ್ಕಿಗೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಧಾರೆಯ ಚಿತ್ರಕ್ಕೆ ಆಗಿರುವುದು ಅದೇ. ಇದೇ ಕಾರಣಕ್ಕೆ, ರ‍್ಯಾಮ್ ಅಸ್ಥಿರವಾಗಿರುವಾಗ ವಿಂಡೋಸ್ ಮತ್ತೆ ಹಾಕುವುದರಿಂದ ವಿಂಡೋಸ್‌ನ ಫೈಲ್‌ಗಳೂ ಕೆಡುವ ಸಾಧ್ಯತೆಯೇ ಹೆಚ್ಚು.

ಪೆಟ್ಟಿಗೆಯ ಮೇಲಿರುವ 6000 ಎಂಬ ಅಂಕಿ ಆ ಸ್ಟಿಕ್‌ಗಳು ಎಲ್ಲಿ ಹಾಕಿದರೂ ತಾವಾಗಿಯೇ ಓಡುವ ವೇಗವಲ್ಲ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡ್‌ನದೇ ತಂತ್ರಾಂಶ) ಎಕ್ಸ್‌ಪೋ ಪ್ರೊಫೈಲ್, ಅಂದರೆ ರ‍್ಯಾಮ್ ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್, ಆನ್ ಮಾಡಿದಾಗ ಮಾತ್ರ ಆ ವೇಗ ಬರುತ್ತದೆ, ಮತ್ತು ಅದು ಲೆಕ್ಕದಲ್ಲಿ ಓವರ್‌ಕ್ಲಾಕ್, ಅಂದರೆ ಅಧಿಕೃತ ವೇಗಕ್ಕಿಂತ ಹೆಚ್ಚು ಓಡಿಸುವುದು. ಮೆಮೊರಿಯನ್ನು ನಡೆಸುವ ಕಂಟ್ರೋಲರ್ ಇರುವುದು ಪ್ರೊಸೆಸರ್‌ನ ಒಳಗೆ. ನಿಮ್ಮ 7700ಕ್ಕೆ ಎಎಂಡಿ ಅಧಿಕೃತವಾಗಿ ಹೇಳಿರುವ ವೇಗ ಎರಡು ಸ್ಟಿಕ್‌ಗಳಿದ್ದರೆ 5200, ನಾಲ್ಕಿದ್ದರೆ ಬರೀ 3600. ಎರಡು ಸ್ಟಿಕ್‌ಗಳಲ್ಲಿ 6000 ಸಾಮಾನ್ಯವಾಗಿ ಸುಖವಾಗಿ ನಡೆಯುತ್ತದೆ, ನಾಲ್ಕರಲ್ಲಿ ನಡೆದರೆ ಅದೃಷ್ಟ. ಬೇರೆ ಬೇರೆ ದಿನ ಕೊಂಡ ಎರಡು ಜೋಡಿಗಳನ್ನು ಕಾರ್ಖಾನೆಯಲ್ಲಿ ಯಾರೂ ಒಟ್ಟಿಗೆ ಕೂರಿಸಿ ಪರೀಕ್ಷಿಸಿರುವುದಿಲ್ಲ. ಮಾದರಿಯ ಸಂಖ್ಯೆ ಒಂದೇ ಇದ್ದರೂ ಒಳಗಿನ ಚಿಪ್‌ಗಳು ಬೇರೆ ತಯಾರಕರದ್ದಾಗಿರಬಹುದು. ಆದ್ದರಿಂದ ಈಗಲೇ ಯಾವ ಭಾಗವೂ ಕೆಟ್ಟಿದೆ ಎಂದುಕೊಳ್ಳಬೇಡಿ.

ಪರೀಕ್ಷೆ ಹೀಗೆ ಮಾಡಿ. ಬಯಾಸ್ ಅನ್ನು ಬೋರ್ಡ್ ತಯಾರಕರ ತಾಣದಲ್ಲಿರುವ ಹೊಸ ಆವೃತ್ತಿಗೆ ತನ್ನಿ. ಮೆಮೊರಿಯ ವಿಷಯದಲ್ಲಿ ಈ ಬೋರ್ಡ್‌ಗಳು ಬಯಾಸ್‌ನಿಂದ ಬಯಾಸ್‌ಗೆ ಬಹಳ ಸುಧಾರಿಸಿವೆ. ಆಮೇಲೆ ಎಲ್ಲ ಸೆಟ್ಟಿಂಗ್‌ಗಳನ್ನೂ ಮೂಲಸ್ಥಿತಿಗೆ ತಂದು, ಪೆನ್‌ಡ್ರೈವ್‌ನಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಹಾಕಿಕೊಂಡು, ನಾಲ್ಕೂ ಸ್ಟಿಕ್‌ಗಳೊಂದಿಗೆ ರಾತ್ರಿಯಿಡೀ ಓಡಿಸಿ. ಉಚಿತ ಆವೃತ್ತಿ ನಾಲ್ಕು ಸುತ್ತು ನಡೆಯುತ್ತದೆ. ವಿಂಡೋಸ್‌ನ ಪರೀಕ್ಷೆ ತಾನಾಗಿ ಎರಡೇ ಸುತ್ತು ನಡೆದು ಮುಗಿಯುವುದರಿಂದ ಅದು ‘ದೋಷವಿಲ್ಲ’ ಎಂದ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದಾದ ಮೇಲೆ ಒಂದು ಜೋಡಿಯನ್ನು ತೆಗೆದಿಟ್ಟು, ಉಳಿದ ಜೋಡಿಯನ್ನು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಕೂರಿಸಿ, ಎಕ್ಸ್‌ಪೋ ಆನ್ ಮಾಡಿ ಅದೇ ಪರೀಕ್ಷೆ ನಡೆಸಿ. ಮರುರಾತ್ರಿ ಇನ್ನೊಂದು ಜೋಡಿ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಮೆಮೊರಿಯನ್ನು ಪಳಗಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಪರದೆ ಕಪ್ಪಗಿದೆಯೆಂದು ಅವಸರಪಟ್ಟು ಸ್ವಿಚ್ ಆರಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬಯಾಸ್‌ನಲ್ಲಿ ಈವರೆಗೆ ಏನೇನು ಬದಲಿಸಿದ್ದೀರಿ ಎಂಬುದನ್ನೂ ಒಂದನ್ನೂ ಬಿಡದೆ ಬರೆಯಿರಿ.

ಕರೆಂಟಿನ ಮಾತು: ನಿಮಗೆ ಯುಪಿಎಸ್ ಇದ್ದರೆ ಏರಿಳಿತದ ಚಿಂತೆಯನ್ನು ಸದ್ಯಕ್ಕೆ ಮರೆಯಿರಿ.

ಇನ್ನೊಬ್ಬರ ಮಾತು

ಇಷ್ಟೆಲ್ಲ ಕಷ್ಟ ಏಕೆ? ಬಯಾಸ್‌ನಲ್ಲಿ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್) 1.4ಕ್ಕೆ ಏರಿಸಿದರೆ ನಾಲ್ಕು ಸ್ಟಿಕ್‌ಗಳೂ 6000ದಲ್ಲಿ ನಿಲ್ಲುತ್ತವೆ. ಅಲ್ಲದೆ ಡಿಡಿಆರ್5ನಲ್ಲಿ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಇದೆಯಲ್ಲ, ಫೈಲ್ ಕೆಡುವುದು ಹೇಗೆ?

ಉತ್ತರ (ಮೈಸೂರು)

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. 2023ರಲ್ಲಿ ಕೆಲವು ರೈಜನ್ 7000 ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳ ನಂತರ ಎಎಂಡಿಯೇ ಆ ವೋಲ್ಟೇಜ್‌ಗೆ 1.3ರ ಮಿತಿ ಹಾಕಿತು. ಹೊಸ ಬಯಾಸ್ ಹಾಕಿಕೊಳ್ಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ. ಇನ್ನು ಡಿಡಿಆರ್5ನ ಇಸಿಸಿ ಕೆಲಸ ಮಾಡುವುದು ಚಿಪ್‌ನ ಒಳಗೆ, ಅದೂ ಬಿಡಿ ಬಿಟ್‌ಗಳ ಮಟ್ಟದಲ್ಲಿ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆದ ತಪ್ಪು ಅದಕ್ಕೆ ಕಾಣುವುದೇ ಇಲ್ಲ. ಸರ್ವರ್‌ಗಳಲ್ಲಿ ಬಳಸುವ ನಿಜವಾದ ಇಸಿಸಿ ರ‍್ಯಾಮ್ ಬೇರೆಯೇ ವಸ್ತು.

ಪ್ರಶ್ನೆ ಕೇಳಿದವರು (ಮಂಡ್ಯ)

ಸರ್, ನೀವು ಹೇಳಿದಂತೆ ಮೂರು ರಾತ್ರಿ ಪರೀಕ್ಷೆ ನಡೆಸಿದೆ. ಮೂಲಸ್ಥಿತಿಗೆ ತಂದಾಗ ಬೋರ್ಡ್ ತಾನಾಗಿ 3600 ಹಿಡಿಯಿತು, ನಾಲ್ಕೂ ಸ್ಟಿಕ್‌ಗಳು ಒಂದೂ ದೋಷವಿಲ್ಲದೆ ನಾಲ್ಕು ಸುತ್ತು ಮುಗಿಸಿದವು. ಮೊದಲ ಜೋಡಿ ಒಂಟಿಯಾಗಿ 6000ದಲ್ಲಿ ಶುದ್ಧ. ಎರಡನೆಯ ಜೋಡಿಯೂ ಶುದ್ಧ. ಇಷ್ಟಾಯಿತಲ್ಲ, ಇನ್ನು ಎರಡೇ ಸ್ಟಿಕ್‌ಗಳಲ್ಲಿ ಕಾಲ ತಳ್ಳೋಣ ಎಂದುಕೊಂಡು ಮೊದಲ ಜೋಡಿ ಹಾಕಿ, ನಮ್ಮ ಮನೆಯದೇ ಒಂದು ಬೀಗರೂಟದ ವಿಡಿಯೊ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಅಂತಿಮ ಫೈಲ್ ಆಗಿಸಲು) ಕೊಟ್ಟೆ. ಮಧ್ಯಾಹ್ನ ಎರಡೂವರೆಗೆ ನೀಲಿ ಪರದೆ. ಮತ್ತೆ ಕೊಟ್ಟೆ, ಮೂರೂಕಾಲಿಗೆ ಮತ್ತೆ ಅದೇ. ರಾತ್ರಿ ಹತ್ತಕ್ಕೆ ಅದೇ ಪ್ರಾಜೆಕ್ಟ್ ಕೊಟ್ಟು ಮನೆಗೆ ಹೋದರೆ, ಬೆಳಿಗ್ಗೆ ಬರುವ ಹೊತ್ತಿಗೆ ಅಚ್ಚುಕಟ್ಟಾಗಿ ಮುಗಿದಿತ್ತು. ಮಧ್ಯಾಹ್ನ ಯುಪಿಎಸ್‌ನ ಪರದೆಯಲ್ಲಿ 208 ವೋಲ್ಟ್ ಎಂದು ಕಾಣುತ್ತಿತ್ತು. ನಾನು ಹೇಳಿದ ಕರೆಂಟೇ ಕಾರಣವಲ್ಲವೇ?

ಉತ್ತರ (ಮೈಸೂರು)

ಇಲ್ಲ ಸರ್. ಒಳ್ಳೆಯ ಎಸ್‌ಎಂಪಿಎಸ್‌ಗೆ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಘಟಕ) 208 ಏನೂ ಕಡಿಮೆಯಲ್ಲ. ಆದರೆ ಮಧ್ಯಾಹ್ನಕ್ಕೂ ರಾತ್ರಿಗೂ ಇರುವ ವ್ಯತ್ಯಾಸವನ್ನು ಗಮನಿಸಿದಿರಲ್ಲ, ನನ್ನ ಇಡೀ ಉತ್ತರಕ್ಕಿಂತ ಅದು ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ನಾನು ಹೇಳಿದ ಪರೀಕ್ಷೆಯಲ್ಲೇ ಒಂದು ಕೊರತೆ ಇತ್ತು. ಮೆಮ್‌ಟೆಸ್ಟ್ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸವಿರುವುದಿಲ್ಲ, ಅದು ತಣ್ಣಗೆ ಕೂತಿರುತ್ತದೆ. ನೀವು ರೆಂಡರ್ ಮಾಡುವಾಗ ಅದೇ ಕಾರ್ಡ್ ಉಗುಳುವ ಬಿಸಿಗಾಳಿ ಮೇಲೇರಿ ನೇರವಾಗಿ ರ‍್ಯಾಮ್ ಸ್ಟಿಕ್‌ಗಳ ಮೈಮೇಲೆ ಹಾಯುತ್ತದೆ. ಡಿಡಿಆರ್5 ಸ್ಟಿಕ್‌ಗಳಲ್ಲಿ ತಾಪ ಅಳೆಯುವ ಸೆನ್ಸರ್ ಇರುತ್ತದೆ. ಎಚ್‌ಡಬ್ಲ್ಯೂ ಇನ್ಫೋ ಎಂಬ ತಂತ್ರಾಂಶ ತೆರೆದಿಟ್ಟು ಮಧ್ಯಾಹ್ನ ಅದೇ ರೆಂಡರ್ ಕೊಡಿ, ಸ್ಟಿಕ್‌ಗಳ ತಾಪ ಎಲ್ಲಿಗೆ ಏರುತ್ತದೆ ನೋಡಿ. ಬಯಾಸ್‌ನಲ್ಲಿ ಏನೇನು ಬದಲಿಸಿದ್ದೀರಿ ಎಂಬ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಪ್ರಶ್ನೆ ಕೇಳಿದವರು (ಮಂಡ್ಯ)

ತಾಪ 68 ಡಿಗ್ರಿ ಮುಟ್ಟಿದಾಗ ನಿಂತುಹೋಯಿತು. ಅಂಗಡಿಗೆ ಶೀಟಿನ ಮಾಡು, ಮಧ್ಯಾಹ್ನ ಒಳಗೆ ಕೂರುವುದೇ ಕಷ್ಟ. ಇನ್ನೊಂದು ಸಂಗತಿಯನ್ನು ಸಂಕೋಚದಿಂದಲೇ ಹೇಳುತ್ತೇನೆ. ಯೂಟ್ಯೂಬ್ ವಿಡಿಯೊ ಒಂದನ್ನು ನೋಡಿ, ಎಕ್ಸ್‌ಪೋ ಜೊತೆಗೆ ಬಯಾಸ್‌ನಲ್ಲಿ ಮೆಮೊರಿಯ ಟೈಮಿಂಗ್ ಬಿಗಿ ಮಾಡಿ ವೇಗ ಹೆಚ್ಚಿಸುವ ಒಂದು ಆಯ್ಕೆಯನ್ನೂ ಆನ್ ಮಾಡಿದ್ದೆ. ಒಂದೊಂದು ಜೋಡಿಯನ್ನು ಪರೀಕ್ಷಿಸುವಾಗಲೂ ಎಕ್ಸ್‌ಪೋ ಜೊತೆ ಅದನ್ನು ಅಭ್ಯಾಸಬಲದಿಂದ ಆನ್ ಮಾಡಿಬಿಟ್ಟಿದ್ದೇನೆ. ಅದೂ ಪ್ರೊಫೈಲ್‌ನ ಭಾಗವೇ ಎಂದುಕೊಂಡಿದ್ದರಿಂದ ಬರೆಯಲಿಲ್ಲ.

ಉತ್ತರ (ಮೈಸೂರು)

ಕಳ್ಳ ಸಿಕ್ಕಿದ. ಸಂಕೋಚ ಬೇಡ, ಆ ಆಯ್ಕೆಯನ್ನು ನಾನೂ ಒಂದು ಸಲ ಆನ್ ಮಾಡಿ ಪೆಟ್ಟು ತಿಂದವನೇ.

ಝೆನ್‌ಟೈಮಿಂಗ್ಸ್ ಎಂಬ ಸಣ್ಣ ತಂತ್ರಾಂಶ ತೆರೆದು ‘ಟಿ-ರೆಫೈ’ ಎಂಬ ಸಾಲಿನ ಎದುರು ಎಷ್ಟಿದೆ ನೋಡಿ. ರ‍್ಯಾಮ್‌ನ ಒಂದೊಂದು ಬಿಟ್ ಅಂದರೆ ಒಂದೊಂದು ಪುಟ್ಟ ಕೆಪಾಸಿಟರ್‌ನಲ್ಲಿ ಹಿಡಿದಿಟ್ಟ ವಿದ್ಯುದಂಶ. ಅದು ಸದಾ ಸೋರುತ್ತಿರುವುದರಿಂದ ಆಗಾಗ ಮತ್ತೆ ತುಂಬುತ್ತಿರಬೇಕು, ಹಾಗೆ ತುಂಬುವ ಸರದಿಗಳ ನಡುವಿನ ಅಂತರವೇ ಈ ಟಿ-ರೆಫೈ. ಡಿಡಿಆರ್5ಗೆ ಗೊತ್ತುಪಡಿಸಿರುವ ಅಂತರ 3.9 ಮೈಕ್ರೋಸೆಕೆಂಡ್. ಗಡಿಯಾರದ ಒಂದು ಸುತ್ತಿಗೆ ಎರಡು ಸಲ ಮಾಹಿತಿ ಸಾಗುವ ಕಾರಣ 6000ದ ರ‍್ಯಾಮ್‌ನ ಗಡಿಯಾರ 3000 ಮೆಗಾಹರ್ಟ್ಸ್‌ನಲ್ಲಿ ಓಡುವುದರಿಂದ, 3.9ನ್ನು 3000ದಿಂದ ಗುಣಿಸಿದರೆ ಸುಮಾರು 11,700 ಸುತ್ತುಗಳಾಗುತ್ತವೆ. ನಿಮ್ಮಲ್ಲಿ 50,000ದ ಆಸುಪಾಸು ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ಹಾಗಿದ್ದರೆ ಸುಮಾರು 16.7 ಮೈಕ್ರೋಸೆಕೆಂಡ್, ಅಂದರೆ ಗೊತ್ತುಪಡಿಸಿದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು. ತುಂಬುವ ಕೆಲಸ ಕಡಿಮೆಯಾದಷ್ಟೂ ಓದಿ ಬರೆಯಲು ಹೆಚ್ಚು ಸಮಯ ಸಿಗುತ್ತದೆ, ವೇಗದ ಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿ ಬರುತ್ತದೆ. ಆದರೆ ತಾಪ ಏರಿದಂತೆ ಸೋರಿಕೆಯೂ ಏರುತ್ತದೆ. ನಿಮ್ಮ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ಲ, ಹಾಗೆಯೇ ಇದು. ಮೋಡ ಮುಚ್ಚಿದ ದಿನಗಳಲ್ಲಿ ಸರದಿ ತಡವಾದರೂ ಗದ್ದೆ ತಡೆದುಕೊಳ್ಳುತ್ತದೆ, ಬಿರುಬಿಸಿಲಿನಲ್ಲಿ ಅದೇ ಗದ್ದೆ ಮುಂದಿನ ಕಟ್ಟಿನ ನೀರು ಬರುವ ಮೊದಲೇ ಬಿರುಕು ಬಿಡುತ್ತದೆ.

ಆ ಆಯ್ಕೆಯನ್ನು ಆಫ್ ಮಾಡಿ, ಎಕ್ಸ್‌ಪೋ ಮಾತ್ರ ಉಳಿಸಿ, ಟಿ-ರೆಫೈ ತಾನಾಗಿ ಇಳಿದಿದೆಯೇ ನೋಡಿ. ಇಳಿಯದಿದ್ದರೆ ಕೈಯಿಂದ 11,700 ಕೊಡಿ. ಈ ಸಲ ಪರೀಕ್ಷೆಯನ್ನು ಮಧ್ಯಾಹ್ನವೇ ಮಾಡಬೇಕು. ವಿಂಡೋಸ್‌ನ ಒಳಗೆ ರ‍್ಯಾಮ್ ಪರೀಕ್ಷಿಸುವ ಟೆಸ್ಟ್‌ಮೆಮ್5 ಓಡುತ್ತಿರಲಿ, ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುವಂತೆ ಏನಾದರೂ ಓಡುತ್ತಿರಲಿ. ಕ್ಯಾಬಿನೆಟ್ ಎಲ್ಲಿಟ್ಟಿದ್ದೀರಿ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.

ನಾಲ್ಕು ಸ್ಟಿಕ್‌ಗಳ ಕಥೆ ಬೇರೆ. ಪರದೆ ಬಾರದೆ ಹೋಗುತ್ತಿದ್ದದ್ದು ನಾಲ್ಕನ್ನೂ 6000ದಲ್ಲಿ ಎಳೆಯಲು ಹೋದದ್ದಕ್ಕೆ, ಅದಕ್ಕೂ ತಾಪಕ್ಕೂ ಸಂಬಂಧವಿಲ್ಲ. ನಿಮಗೆ 64 ಜಿಬಿ ಬೇಕೇ ಬೇಕಾದರೆ ನಾಲ್ಕನ್ನೂ 3600ರಲ್ಲಿ ಇಟ್ಟುಕೊಳ್ಳಬಹುದು, ಇಲ್ಲವೇ 32 ಜಿಬಿಯ ಎರಡು ಸ್ಟಿಕ್‌ಗಳಿರುವ ಒಂದೇ ಪೆಟ್ಟಿಗೆ ಕೊಳ್ಳಬಹುದು. ನಾನಾಗಿದ್ದರೆ ಎರಡನೆಯದನ್ನೇ ಮಾಡುತ್ತಿದ್ದೆ, ಕೊಳ್ಳುವ ಮೊದಲು ಆ ಮಾದರಿ ನಿಮ್ಮ ಬೋರ್ಡ್ ತಯಾರಕರ ಪರೀಕ್ಷಿತ ಪಟ್ಟಿಯಲ್ಲಿದೆಯೇ ಎಂದು ನೋಡುತ್ತಿದ್ದೆ.

ಪ್ರಶ್ನೆ ಕೇಳಿದವರು (ಮಂಡ್ಯ)

ಟಿ-ರೆಫೈ 50,000 ಎಂದೇ ಇತ್ತು. ಆ ಆಯ್ಕೆ ಆಫ್ ಮಾಡಿದ ಮೇಲೆ 11,700ರ ಹತ್ತಿರಕ್ಕೆ ಇಳಿಯಿತು. ಮೂರು ಮಧ್ಯಾಹ್ನ ನೀವು ಹೇಳಿದಂತೆ ಎರಡನ್ನೂ ಒಟ್ಟಿಗೆ ಓಡಿಸಿದೆ, ಒಂದು ದೋಷವೂ ಬರಲಿಲ್ಲ. ಮೊದಲ ದಿನ ತಾಪ 69ಕ್ಕೆ ಹೋಗಿದ್ದಾಗಲೂ ನಿಲ್ಲಲಿಲ್ಲ. ಎರಡನೆಯ ದಿನ ಕ್ಯಾಬಿನೆಟ್ ಎಳೆದು ನೋಡಿದರೆ, ಗಾಳಿ ಒಳಗೆಳೆಯುವ ಜಾಲರಿಯ ಮುಂದೆಯೇ ನಮ್ಮ ಹುಡುಗ ಖಾಲಿ ಆಲ್ಬಂ ಪೆಟ್ಟಿಗೆಗಳನ್ನು ಸೊಂಟದೆತ್ತರ ಒಟ್ಟಿದ್ದ. ಅವನ್ನು ತೆಗೆಸಿದ ಮೇಲೆ ತಾಪ 61 ದಾಟಿಲ್ಲ.

ಅಂಗಡಿಯವರು ಎರಡೂ ಜೋಡಿಗಳನ್ನು ಹಿಂದಕ್ಕೆ ತೆಗೆದುಕೊಂಡು, ವ್ಯತ್ಯಾಸದ ಹಣ ಕಟ್ಟಿಸಿಕೊಂಡು, 32 ಜಿಬಿಯ ಜೋಡಿಯೊಂದನ್ನು ಕೊಡಲು ಒಪ್ಪಿದ್ದಾರೆ. ಬಂದ ದಿನವೇ ಮಧ್ಯಾಹ್ನದ ಪರೀಕ್ಷೆ ನಡೆಸುತ್ತೇನೆ. ಇನ್ನೊಂದು ಅನುಮಾನ ಉಳಿದಿದೆ. ಈ ಎರಡು ತಿಂಗಳಲ್ಲಿ ನಕಲು ಮಾಡಿದ ಫೈಲ್‌ಗಳಲ್ಲಿ ಯಾವುದು ಕೆಟ್ಟಿದೆ, ಯಾವುದು ಸರಿಯಿದೆ ಎಂದು ತಿಳಿಯುವುದು ಹೇಗೆ?

ಉತ್ತರ (ಮೈಸೂರು)

ಮೂಲ ಕಾರ್ಡ್ ಇನ್ನೂ ಇರುವ ಕೆಲಸಗಳಿಗೆ ದಾರಿ ಸುಲಭ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಆದೇಶ ಕೊಟ್ಟು, ಕಾರ್ಡ್‌ನ ಮತ್ತು ಡಿಸ್ಕಿನ ಫೈಲ್‌ಗಳೆರಡರ ಎಸ್‌ಎಚ್‌ಎ-256 ಮೊತ್ತ (ಫೈಲ್‌ನ ಬೆರಳಚ್ಚಿನಂಥ ಸಂಕೇತ) ತೆಗೆಯಿರಿ, ಎರಡೂ ಕಡೆ ಒಂದೇ ಬಾರದ ಫೈಲನ್ನು ಕಾರ್ಡ್‌ನಿಂದ ಮತ್ತೆ ನಕಲು ಮಾಡಿ. ಕಾರ್ಡ್ ಆಗಲೇ ಅಳಿಸಿಹೋಗಿದ್ದರೆ ಯಾವ ತಂತ್ರಾಂಶವೂ ಖಚಿತವಾಗಿ ಹೇಳಲಾರದು, ಚಿತ್ರಗಳನ್ನು ಒಂದೊಂದಾಗಿ ತೆರೆದು ಕಣ್ಣಿನಿಂದಲೇ ನೋಡಬೇಕು. ವಿಂಡೋಸ್ ಅನ್ನು ಈಗ, ರ‍್ಯಾಮ್ ಸರಿಯಾದ ಮೇಲೆ, ಮೂರನೆಯ ಸಲ ಹಾಕಿಬಿಡಿ.

ಪ್ರಶ್ನೆ ಕೇಳಿದವರು (ಮಂಡ್ಯ)

ಆ ಮದುವೆಯ ಕಾರ್ಡ್ ಪುಣ್ಯಕ್ಕೆ ಡ್ರಾಯರ್‌ನಲ್ಲೇ ಇತ್ತು. ಹೋಲಿಸಿದಾಗ ಮೂರು ಫೈಲ್‌ಗಳ ಮೊತ್ತ ಹೊಂದಲಿಲ್ಲ. ಒಂದು ಧಾರೆಯ ಚಿತ್ರ. ಉಳಿದೆರಡನ್ನು ತೆರೆದು ನೋಡಿದರೆ ನನ್ನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮೂರನ್ನೂ ಮತ್ತೆ ನಕಲು ಮಾಡಿ ಆಲ್ಬಂನವರಿಗೆ ಕಳುಹಿಸಿದ್ದೇನೆ, ಈ ಸಲ ಜಿಪ್ ತೆರೆಯಿತಂತೆ.